ಐಸ್ ಕಾಫಿಗೆ ನೀರಿನ ಲೆಕ್ಕ

ಮನೆಯಲ್ಲಿ ಮಾಡಿದ ಐಸ್ ಕಾಫಿ ಕೆಡುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ: ಅದರಲ್ಲಿ ನೀರು ಹೆಚ್ಚಾಗುತ್ತದೆ. ಬಿಸಿ ಕಾಫಿಗೆ ಹೊಂದುವ ಹದದಲ್ಲೇ ಡಿಕಾಕ್ಷನ್, ಹಾಲು, ಸಕ್ಕರೆ ಬೆರೆಸಿ ಮೇಲೆ ನಾಲ್ಕು ತುಂಡು ಐಸ್ ಹಾಕಿದರೆ ಮೊದಲ ಗುಟುಕು ಚೆನ್ನಾಗಿಯೇ ಇರುತ್ತದೆ. ಲೋಟ ಅರ್ಧಕ್ಕೆ ಬರುವಷ್ಟರಲ್ಲಿ ಉಳಿಯುವುದು ಕಾಫಿ ಬಣ್ಣದ ಹಾಲುನೀರು. ಪುಡಿ ಎಷ್ಟೇ ಒಳ್ಳೆಯದಿರಲಿ, ಹಾಲು ಎಷ್ಟೇ ಗಟ್ಟಿಯಿರಲಿ, ಹೀಗಾಗುವುದು ತಪ್ಪುವುದಿಲ್ಲ. ಐಸ್ ಕಾಫಿಯನ್ನು ತಂಪು ಮಾಡುತ್ತದೆ, ಜೊತೆಗೆ ಕರಗಿ ಅದರೊಳಗೇ ಸೇರಿಕೊಳ್ಳುತ್ತದೆ. ಹಾಗೆ ಸೇರುವ ನೀರನ್ನು ಮೊದಲೇ ಅಳೆದು ಅದಕ್ಕೆ ಜಾಗ ಬಿಟ್ಟುಕೊಳ್ಳುವುದೇ ಈ ಪಾನೀಯದ ಮುಖ್ಯ ಕೆಲಸ.

ಆ ಅಳತೆಗೆ ಶಾಲೆಯ ಭೌತಶಾಸ್ತ್ರ ಸಾಕು. ಒಂದು ಗ್ರಾಂ ನೀರು 1 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಾಗುವಾಗ 1 ಕ್ಯಾಲೊರಿ ಶಾಖ ಬಿಡುತ್ತದೆ. ಒಂದು ಗ್ರಾಂ ಐಸ್ ಕರಗಿ ನೀರಾಗಲು ಸುಮಾರು 80 ಕ್ಯಾಲೊರಿ ಬೇಕು. 85 ಡಿಗ್ರಿ ಬಿಸಿಯಿರುವ 100 ಮಿ.ಲೀ. ಕಪ್ಪು ಕಾಫಿಯನ್ನು ಐಸ್ ಹಾಕಿ 5 ಡಿಗ್ರಿಗೆ ಇಳಿಸುವುದಾದರೆ ಕಳೆಯಬೇಕಾದ ಶಾಖ 8,000 ಕ್ಯಾಲೊರಿ. ಅಷ್ಟನ್ನು ಹೀರಿಕೊಳ್ಳಲು ಹೆಚ್ಚುಕಡಿಮೆ 95 ಗ್ರಾಂ ಐಸ್ ಕರಗಬೇಕಾಗುತ್ತದೆ. ಅಂದರೆ ಬಿಸಿ ಕಾಫಿಯನ್ನು ನೇರ ಐಸ್ ಮೇಲೆ ಸುರಿದು ತಣ್ಣಗೆ ಮಾಡಿದವರು ತಮಗೆ ತಿಳಿಯದಂತೆಯೇ ಅದಕ್ಕೆ ಸಮಪಾಲು ನೀರು ಬೆರೆಸಿರುತ್ತಾರೆ.

ಇದನ್ನು ನಿಭಾಯಿಸಲು ಇರುವ ದಾರಿ ಎರಡು. ಲೋಟಕ್ಕೆ ಬೀಳುವ ಎಲ್ಲವನ್ನೂ ಮೊದಲೇ ತಣ್ಣಗೆ ಮಾಡಿಟ್ಟು, ಐಸ್ ಕರಗುವ ಪ್ರಮೇಯವನ್ನೇ ಕಡಿಮೆ ಮಾಡುವುದು ಒಂದು. ಕರಗುವ ಐಸನ್ನು ಕಾಫಿ ಮಾಡುವ ನೀರಿನ ಲೆಕ್ಕಕ್ಕೆ ಸೇರಿಸಿ, ಅಷ್ಟರಮಟ್ಟಿಗೆ ಕಾಫಿಯನ್ನು ಗಟ್ಟಿಯಾಗಿ ಇಳಿಸುವುದು ಇನ್ನೊಂದು. ಹಾಲಿನ ಐಸ್ ಕಾಫಿಗೆ ಮೊದಲನೆಯದು, ಕಪ್ಪು ಐಸ್ ಕಾಫಿಗೆ ಎರಡನೆಯದು ಚೆನ್ನಾಗಿ ಒಗ್ಗುತ್ತದೆ.

ಕಾಫಿಯನ್ನು ತಣ್ಣಗೆ ಕುಡಿಯುವ ರೂಢಿ ಹೊಸದಲ್ಲ. ಅಲ್ಜೀರಿಯಾದ ಮಜಗ್ರಾನ್ ಎಂಬ ಊರಿನ ಕೋಟೆಯಲ್ಲಿ 1840ರಲ್ಲಿ ಮುತ್ತಿಗೆಗೆ ಸಿಲುಕಿದ್ದ ಫ್ರೆಂಚ್ ಸೈನಿಕರು ಕಾಫಿಗೆ ತಣ್ಣೀರು ಬೆರೆಸಿ ಕುಡಿದರೆಂಬ ಕಥೆ ಪ್ರಸಿದ್ಧ; ತಣ್ಣನೆಯ ಕಪ್ಪು ಕಾಫಿಗೆ ಯುರೋಪಿನಲ್ಲಿ ಆ ಊರಿನ ಹೆಸರೇ ಬಂದಿದೆ. ಗ್ರೀಸ್ ದೇಶದ ಥೆಸಲೋನಿಕಿಯಲ್ಲಿ 1957ರಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಬಿಸಿನೀರು ಸಿಗದೆ, ಇನ್‌ಸ್ಟಂಟ್ ಕಾಫಿಪುಡಿಯನ್ನು ತಣ್ಣೀರಿನಲ್ಲೇ ಕುಲುಕಿದಾಗ ನೊರೆಗಾಫಿ ಹುಟ್ಟಿತು. ಇವೆಲ್ಲಕ್ಕಿಂತ ಕನ್ನಡದ ಮನೆಗಳಿಗೆ ಹತ್ತಿರವಾದದ್ದು ವಿಯೆಟ್ನಾಮಿನ ಕಾಫಿ. ಅಲ್ಲಿನ ಪುಟ್ಟ ಲೋಹದ ಸೋಸುಕದ ತಳದಲ್ಲಿ ತೂತುಗಳು, ಪುಡಿಯ ಮೇಲೆ ಒತ್ತುತಟ್ಟೆ. ಬಿಸಿನೀರು ತನ್ನ ಭಾರದಿಂದಲೇ ಹನಿಹನಿಯಾಗಿ ಇಳಿಯುತ್ತದೆ. ಪುಡಿ ಕಡುಹುರಿದ ರೊಬಸ್ಟಾ. ಇಳಿದ ಗಟ್ಟಿ ಕಾಫಿಗೆ ಕಂಡೆನ್ಸ್ಡ್ ಮಿಲ್ಕ್ ಬೆರೆಸಿ ಐಸ್ ತುಂಬಿದ ಲೋಟಕ್ಕೆ ಸುರಿಯುತ್ತಾರೆ. ನಮ್ಮ ಫಿಲ್ಟರಿನ ಸೋದರಸಂಬಂಧಿಯಂಥ ಈ ಸಾಧನದಿಂದ ಇಡೀ ದೇಶವೇ ಐಸ್ ಕಾಫಿ ಕುಡಿಯುತ್ತಿರುವಾಗ, ಇಲ್ಲಿ ಮಾತ್ರ ಅಟ್ಟದ ಮೇಲೆ ಒಳ್ಳೆಯ ಫಿಲ್ಟರ್ ಇಟ್ಟುಕೊಂಡು ಮಿಕ್ಸಿಗೆ ಇನ್‌ಸ್ಟಂಟ್ ಪುಡಿ ಹಾಕುವವರೇ ಹೆಚ್ಚು. ಐಸ್ ಕಾಫಿಗೆ ಬೇಕಾದ ಮೊದಲ ಗುಣ ಗಟ್ಟಿತನ. ಫಿಲ್ಟರ್ ಡಿಕಾಕ್ಷನ್‌ಗೆ ಅದು ಹುಟ್ಟಿನಿಂದಲೇ ಇದೆ.

ಪುಡಿ, ಚಿಕೋರಿ, ನೀರು

ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು 70% ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದ್ದು. ಬೆಳೆಯುವ ತಳಿಗಳು ಮುಖ್ಯವಾಗಿ ಎರಡು. ಅರೇಬಿಕಾದಲ್ಲಿ ಪರಿಮಳ ಮತ್ತು ಹಣ್ಣಿನಂಥ ಹುಳಿ ಮುಂದಿರುತ್ತವೆ. ರೊಬಸ್ಟಾದಲ್ಲಿ ಕಹಿ, ಗಡುಸುತನ, ನೊರೆ ಹೆಚ್ಚು; ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು. ಬಿಸಿ ಕಾಫಿಯಲ್ಲಿ ಹಬೆಯೊಡನೆ ಮೂಗಿಗೆ ಬರುವ ಪರಿಮಳವೇ ರುಚಿಯ ದೊಡ್ಡ ಪಾಲು. ತಣ್ಣಗಿನ ಕಾಫಿಯಿಂದ ಆ ಪರಿಮಳದ ಅಂಶಗಳು ಅಷ್ಟಾಗಿ ಮೇಲೇಳುವುದಿಲ್ಲ. ಹೀಗಾಗಿ ಬಿಸಿಯಲ್ಲಿ ಘಮಘಮಿಸುವ ಶುದ್ಧ ಅರೇಬಿಕಾ, ತಣ್ಣನೆಯ ಹಾಲಿನಲ್ಲಿ ಬೆರೆತಾಗ ಮೆತ್ತಗಾಗಿಬಿಡುತ್ತದೆ. ಹಾಲಿನ ಐಸ್ ಕಾಫಿಗೆ ರೊಬಸ್ಟಾ ಬೆರೆತ ಪುಡಿಯೇ ವಾಸಿ. ಕಾಫಿಪುಡಿ ಅಂಗಡಿಯಲ್ಲಿ ಎರಡನ್ನೂ ಸಮಪಾಲು ಬೆರೆಸಿ, ಬಿಸಿ ಕಾಫಿಗಿಂತ ತುಸು ಕಡುವಾಗಿ ಹುರಿದದ್ದನ್ನು ಕೇಳಬಹುದು. ಹಾಲಿಲ್ಲದ ಐಸ್ ಕಾಫಿಗೆ ಮಾತ್ರ ಹದವಾಗಿ ಹುರಿದ ಅರೇಬಿಕಾ ಬೇಕು. ಅಲ್ಲಿ ಅದರ ಹುಳಿ, ನಿಂಬೆ ಹಿಂಡಿದ ಪಾನಕದ ಹುಳಿಯಂತೆ, ದಾಹ ತಣಿಸುವ ಗುಣವಾಗಿ ಒದಗುತ್ತದೆ.

ಚಿಕೋರಿಯ ಬಗ್ಗೆ ಕಾಫಿಪ್ರಿಯರಲ್ಲಿ ಎರಡು ಪಂಗಡ. ಇದು ಒಂದು ಗಿಡದ ಬೇರು. ನಮ್ಮ ದೇಶದಲ್ಲಿ ಗುಜರಾತ್ ಮತ್ತು ಉತ್ತರ ಪ್ರದೇಶದಲ್ಲಿ ಬೆಳೆಯುತ್ತದೆ. ಅದನ್ನು ಒಣಗಿಸಿ ಹುರಿದು ಪುಡಿ ಮಾಡುತ್ತಾರೆ. ಕೆಫೀನ್ ಇದರಲ್ಲಿಲ್ಲ. ಬೇರಿನಲ್ಲಿರುವ ಇನುಲಿನ್ ಎಂಬ ಪದಾರ್ಥ ಹುರಿದಾಗ ಕಂದಿ, ಕ್ಯಾರಮೆಲ್‌ನಂಥ ಬಣ್ಣ ಮತ್ತು ಕಹಿಬೆರೆತ ಸಿಹಿ ಕೊಡುತ್ತದೆ. ಕಾಫಿಪುಡಿಗಿಂತ ಹೆಚ್ಚು ಅಂಶ ನೀರಿಗೆ ಬಿಡುವುದರಿಂದ ಡಿಕಾಕ್ಷನ್ ದಪ್ಪಗಾಗುತ್ತದೆ. ಕಾನೂನಿನ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ 51%ಕ್ಕಿಂತ ಕಡಿಮೆ ಇರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿರಬೇಕು. ಐಸ್ ಕಾಫಿಯ ಮಟ್ಟಿಗೆ ಚಿಕೋರಿಯನ್ನು ಕಲಬೆರಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಾಲು ಮತ್ತು ಐಸಿನ ನಡುವೆ ಕಾಫಿ ತೆಳ್ಳಗಾಗದಂತೆ ಅದು ಹಿಡಿದಿಡುತ್ತದೆ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಹೆಸರಾಂತ ಐಸ್ ಕಾಫಿಯೂ ಚಿಕೋರಿ ಬೆರೆತದ್ದೇ. ಆದರೆ 15ರಿಂದ 20% ಮೀರಿದರೆ ಕಾಫಿಯ ರುಚಿ ಹಿಂದೆ ಸರಿದು ಸುಟ್ಟ ಬೆಲ್ಲದ ರುಚಿಯೊಂದೇ ನಾಲಿಗೆಯಲ್ಲಿ ಉಳಿಯುತ್ತದೆ.

ಪುಡಿಯನ್ನು ವಾರಕ್ಕಾಗುವಷ್ಟು ಮಾತ್ರ ತಂದು ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಬೀಜ ಪುಡಿಯಾದ ಕ್ಷಣದಿಂದಲೇ ಪರಿಮಳ ಸೋರಿಹೋಗತೊಡಗುತ್ತದೆ. ತಣ್ಣನೆಯ ಕಾಫಿಯಲ್ಲಿ ಪರಿಮಳಕ್ಕೆ ಮೊದಲೇ ಕೊರತೆಯಿರುವುದರಿಂದ ಹಳೆಯ ಪುಡಿಯ ದೋಷ ಅಲ್ಲಿ ಎದ್ದು ಕಾಣುತ್ತದೆ.

ನೀರಿನ ಗುಣವನ್ನು ಕಡೆಗಣಿಸುವ ಮನೆಗಳೇ ಹೆಚ್ಚು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನು ನುಂಗಿಹಾಕಿ ರುಚಿಯನ್ನು ಸಪ್ಪೆ ಮಾಡುತ್ತದೆ. ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವ ನೀರು ಎಂದರೆ ಇದೇ. ಆರ್‌ಒ ಯಂತ್ರದಿಂದ ಲವಣಗಳೆಲ್ಲ ಕಳೆದು ಬಂದ ನೀರಿನದು ಇದಕ್ಕೆ ವಿರುದ್ಧವಾದ ದೋಷ: ಪುಡಿಯಿಂದ ರುಚಿಯ ಅಂಶಗಳನ್ನು ಹೊರಗೆಳೆಯಲು ನೆರವಾಗುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ಉಳಿದಿರುವುದಿಲ್ಲ. ಕಾವೇರಿ ನೀರಿನಂಥ ನಡುಮಟ್ಟದ ಮೆದು ನೀರು ಉತ್ತಮ. ಅದಿಲ್ಲದ ಕಡೆ ಆರ್‌ಒ ನೀರಿಗೆ ಕಾಲುಭಾಗ ಶೋಧಿಸಿದ ನಲ್ಲಿ ನೀರು ಬೆರೆಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಡಿಕಾಕ್ಷನ್

ಎರಡು ದೊಡ್ಡ ಲೋಟ ಐಸ್ ಕಾಫಿಗೆ 30 ಗ್ರಾಂ ಪುಡಿ, 150 ಮಿ.ಲೀ. ನೀರು ಬೇಕು. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಕಳೆದು ಕೆಳಗಿಳಿಯುವುದು 90 ಮಿ.ಲೀ. ಡಿಕಾಕ್ಷನ್, ಲೋಟವೊಂದಕ್ಕೆ 45 ಮಿ.ಲೀ. ಅಡುಗೆಮನೆಯಲ್ಲಿ ಸಣ್ಣ ತಕ್ಕಡಿಯಿದ್ದರೆ ಒಳ್ಳೆಯದು. ಚಮಚದ ಅಳತೆ ಪುಡಿಯ ನುಣುಪಿನೊಂದಿಗೆ ಬದಲಾಗುತ್ತದೆ, ಗ್ರಾಂ ಬದಲಾಗುವುದಿಲ್ಲ.

ಫಿಲ್ಟರಿನ ಮೇಲಿನ ಪಾತ್ರೆಯನ್ನು ಬಿಸಿನೀರಿನಲ್ಲಿ ಒಮ್ಮೆ ಜಾಲಿಸಿ, ಒರೆಸಿ, ಪುಡಿ ಹಾಕಿ ಮಟ್ಟಮಾಡಬೇಕು. ಒತ್ತುತಟ್ಟೆಯನ್ನು ಪುಡಿಯ ಮೇಲೆ ಹಗುರವಾಗಿ ಕೂರಿಸಿದರೆ ಸಾಕು. ಬಲವಾಗಿ ಒತ್ತಿದರೆ, ಅದರಲ್ಲೂ ನೀರು ಹೀರಿ ಉಬ್ಬುವ ಚಿಕೋರಿ ಇರುವಾಗ, ಹನಿ ಕಟ್ಟಿಕೊಳ್ಳುತ್ತದೆ. ಕುದಿ ಬಂದ ನೀರನ್ನು ಒಲೆಯಿಂದಿಳಿಸಿ ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಮಾತ್ರ ಸುರಿಯಬೇಕು. ಹೊಸದಾಗಿ ಹುರಿದ ಪುಡಿಯೊಳಗೆ ಇಂಗಾಲದ ಡೈಆಕ್ಸೈಡ್ ಸಿಕ್ಕಿಕೊಂಡಿರುತ್ತದೆ. ನೀರು ತಾಗಿದೊಡನೆ ಅದು ಗುಳ್ಳೆಗಳಾಗಿ ಹೊರಬರುತ್ತದೆ. ಅದು ಹೊರಬೀಳುವವರೆಗೆ ನೀರು ಪುಡಿಯೊಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಅರ್ಧ ನಿಮಿಷದ ಬಳಿಕ ಉಳಿದ ನೀರನ್ನು ನಿಧಾನವಾಗಿ ಸುತ್ತಲೂ ಸುರಿದು ಮುಚ್ಚಳ ಹಾಕಿದರೆ 15ರಿಂದ 20 ನಿಮಿಷದಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. ಐದೇ ನಿಮಿಷದಲ್ಲಿ ಇಳಿದರೆ ಪುಡಿ ತರಿಯಾಯಿತು ಎಂದರ್ಥ. ಅರ್ಧ ತಾಸಾದರೂ ಇಳಿಯದಿದ್ದರೆ ಪುಡಿ ತೀರಾ ನುಣ್ಣಗಿದೆ, ಇಲ್ಲವೇ ಫಿಲ್ಟರಿನ ತೂತುಗಳಲ್ಲಿ ಹಳೆಯ ಪುಡಿ ಕಟ್ಟಿಕೊಂಡಿದೆ. ಸ್ಟೀಲ್ ಫಿಲ್ಟರಿನ ತಳವನ್ನು ಒಲೆಯ ಉರಿಗೆ ಒಂದು ಗಳಿಗೆ ಹಿಡಿದು ಆರಿದ ಮೇಲೆ ಉಜ್ಜಿ ತೊಳೆದರೆ ತೂತುಗಳು ಬಿಟ್ಟುಕೊಳ್ಳುತ್ತವೆ.

ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸುವ ಎರಡನೇ ಡಿಕಾಕ್ಷನ್ ಐಸ್ ಕಾಫಿಗೆ ಬೇಡ. ಹುಳಿ, ಸಿಹಿ, ಪರಿಮಳ ಎಲ್ಲ ಮೊದಲ ಸಲವೇ ಇಳಿದಿರುತ್ತವೆ. ಎರಡನೆಯದರಲ್ಲಿ ಬರುವುದು ನೀರು ಮತ್ತು ಉಳಿದ ಕಹಿ. ಸಂಜೆಯ ಬಿಸಿ ಕಾಫಿಗೆ ಅದು ಹೇಗೋ ಸಾಗೀತು.

ಇಳಿದ ಡಿಕಾಕ್ಷನ್ ತಣ್ಣಗಾಗುವ ಬಗೆಯಲ್ಲೇ ಬಹಳಷ್ಟು ಅಡಗಿದೆ. ಕಟ್ಟೆಯ ಮೇಲೆ ತಾನಾಗಿ ಆರಲೆಂದು ಗಂಟೆಗಟ್ಟಲೆ ಬಿಟ್ಟರೆ ಪರಿಮಳ ಗಾಳಿಗೆ ಹೋಗುತ್ತದೆ. ಹುರಿಯುವಾಗ ಬೀಜದಲ್ಲಿ ಉಂಟಾದ ಲ್ಯಾಕ್ಟೋನ್ ಎಂಬ ಅಂಶಗಳು ಬಿಸಿ ನೀರಿನಲ್ಲಿ ನಿಧಾನವಾಗಿ ಒಡೆದು ಕ್ವಿನಿಕ್ ಆಮ್ಲವಾಗುತ್ತವೆ. ಬಹಳ ಹೊತ್ತು ಬಿಸಿಯಾಗಿಟ್ಟ ಕಾಫಿಗೆ ಬರುವ ಒಗರು ಹುಳಿಗೆ ಇದೂ ಒಂದು ಕಾರಣ. ಬೇಗ ತಣಿಸಿದಷ್ಟೂ ಈ ಬದಲಾವಣೆ ಕಡಿಮೆ. ಅದಕ್ಕಾಗಿ ಡಿಕಾಕ್ಷನ್‌ಗೆ ಐಸ್ ಹಾಕಬೇಕಿಲ್ಲ. ಫಿಲ್ಟರಿನ ಕೆಳಪಾತ್ರೆಯನ್ನು ತಣ್ಣೀರು ಮತ್ತು ನಾಲ್ಕಾರು ಐಸ್ ತುಂಡು ಹಾಕಿದ ಬೋಗುಣಿಯಲ್ಲಿ ನಿಲ್ಲಿಸಿದರಾಯಿತು. ಲೋಹದ ಗೋಡೆಯ ಮೂಲಕ ಶಾಖ ಬೇಗನೆ ಹೊರಹೋಗಿ, ಹನಿ ಹನಿಯಾಗಿ ಇಳಿಯುವ ಡಿಕಾಕ್ಷನ್ ಇಳಿದಿಳಿದಂತೆಯೇ ತಣಿಯುತ್ತದೆ. ಒಂದು ತೊಟ್ಟು ನೀರೂ ಬೆರೆಯುವುದಿಲ್ಲ. ಹಿತ್ತಾಳೆಯ ಫಿಲ್ಟರಾದರೆ ಇನ್ನೂ ಬೇಗ. ಬೋಗುಣಿಯ ನೀರಿನ ಮಟ್ಟ ಕೆಳಪಾತ್ರೆಯ ಅರ್ಧಕ್ಕಿಂತ ಮೇಲೆ ಬಾರದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಖಾಲಿ ಪಾತ್ರೆ ತೇಲಿ ಓಲಾಡುತ್ತದೆ. ಡಿಕಾಕ್ಷನ್ ಪೂರ್ತಿ ಇಳಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಡಬೇಕು.

ಹಾಲು, ಸಿಹಿ, ಐಸ್

ಡಿಕಾಕ್ಷನ್ ತಣಿಸುವ ಶ್ರದ್ಧೆ ಹಾಲಿನ ವಿಷಯದಲ್ಲೂ ಇರಬೇಕು, ಇನ್ನೂ ಹೆಚ್ಚಾಗಿ ಇರಬೇಕು. 45 ಮಿ.ಲೀ. ಡಿಕಾಕ್ಷನ್‌ಗೆ 100 ಮಿ.ಲೀ. ಹಾಲು ಎಂದಿಟ್ಟುಕೊಂಡು, ಎರಡೂ ಫ್ರಿಜ್‌ನಿಂದ 5 ಡಿಗ್ರಿಯಲ್ಲಿ ಬಂದರೆ ಅವನ್ನು 2 ಡಿಗ್ರಿಗೆ ಇಳಿಸಲು ಕರಗುವ ಐಸ್ 5 ಗ್ರಾಂ ಮಾತ್ರ. ಹಾಲು ತಣ್ಣಗಿದ್ದು ಡಿಕಾಕ್ಷನ್ ಬೇಸಿಗೆಯ ಕೋಣೆಯ 30 ಡಿಗ್ರಿಯಲ್ಲಿದ್ದರೆ ಸುಮಾರು 19 ಗ್ರಾಂ. ಡಿಕಾಕ್ಷನ್ ತಣ್ಣಗಿದ್ದು ಹಾಲು 30 ಡಿಗ್ರಿಯಲ್ಲಿದ್ದರೆ 36 ಗ್ರಾಂ. ಎರಡೂ 30 ಡಿಗ್ರಿಯಾದರೆ 50 ಗ್ರಾಂ, ಅಂದರೆ ಲೋಟದ ಕಾಫಿಯ ಮೂರನೆಯ ಒಂದು ಭಾಗದಷ್ಟು ನೀರು. ಬೆಳಗ್ಗೆ ಕಾಯಿಸಿ ಕಟ್ಟೆಯ ಮೇಲೆ ಆರಲಿಟ್ಟ ಹಾಲನ್ನೇ ಮಧ್ಯಾಹ್ನ ಐಸ್ ಕಾಫಿಗೆ ಬಳಸುವ ಅಭ್ಯಾಸ ಎಷ್ಟು ನೀರು ಸೇರಿಸುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಕಾಯಿಸಿದ ಹಾಲಿಗೆ ಒಂದು ಬೆಂದ ವಾಸನೆ ಇರುತ್ತದೆ. ಬಿಸಿ ಕಾಫಿಯಲ್ಲಿ ಅದು ಹಿತ. ತಣ್ಣಗಿನದರಲ್ಲಿ ಅಷ್ಟು ಹಿತವಲ್ಲ, ಕೆನೆಯ ಚೂರುಗಳೂ ನಾಲಿಗೆಗೆ ಸಿಗುತ್ತವೆ. ಪೊಟ್ಟಣದ ಪಾಶ್ಚರೀಕರಿಸಿದ ಹಾಲನ್ನು ಡೇರಿಯಲ್ಲೇ ಕಾಯಿಸಿ ತಣಿಸಿರುತ್ತಾರೆ. ಕೊಂಡ ಕೂಡಲೇ ಫ್ರಿಜ್ ಸೇರಿದ, ಒಡೆಯದ ಪೊಟ್ಟಣದ ಹಾಲನ್ನು ಅದೇ ದಿನ ನೇರವಾಗಿ ಐಸ್ ಕಾಫಿಗೆ ಬಳಸಬಹುದು. ರುಚಿ ತಿಳಿಯಾಗಿರುತ್ತದೆ. ಹಸಿ ಹಾಲು, ಅಂದರೆ ಮನೆಬಾಗಿಲಿಗೆ ಬರುವ ಬಿಡಿ ಹಾಲು, ಹಾಗಲ್ಲ. ಅದನ್ನು ಕಾಯಿಸಲೇಬೇಕು. ಕಾಯಿಸಿ, ಬೇಗ ಆರಿಸಿ, ಕೆನೆ ತೆಗೆದು ಸೋಸಿ ಫ್ರಿಜ್‌ನಲ್ಲಿಟ್ಟು ಬಳಸಬೇಕು. ಟೋನ್ಡ್ ಹಾಲಿನಲ್ಲಿ ಕೊಬ್ಬು 3%, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5%, ಫುಲ್ ಕ್ರೀಮ್ ಹಾಲಿನಲ್ಲಿ 6%. ಐಸ್ ಕಾಫಿಗೆ ನಡುವಿನದು ಸರಿ. ಟೋನ್ಡ್ ಹಾಲು ಐಸ್ ಕರಗಿದಂತೆ ತೆಳ್ಳಗಾಗುತ್ತದೆ. ಫುಲ್ ಕ್ರೀಮ್ ಹಾಲು ತಣ್ಣಗಿರುವಾಗ ನಾಲಿಗೆಯ ಮೇಲೆ ಜಿಡ್ಡಿನ ಪೊರೆ ಬಿಡುತ್ತದೆ. ಹಾಲಿಗೆ ನೀರು ಬೆರೆಸುವ ವಾಡಿಕೆಯನ್ನು ಇಲ್ಲಿ ಪೂರ್ತಿ ಕೈಬಿಡಬೇಕು. ಆ ಕೆಲಸವನ್ನು ಐಸ್ ಮಾಡುತ್ತದೆ.

ಸಕ್ಕರೆ ತಣ್ಣೀರಿನಲ್ಲಿ ಕರಗುವುದೇ ಇಲ್ಲ ಎಂಬುದು ನಿಜವಲ್ಲ. ಸೊನ್ನೆ ಡಿಗ್ರಿಯ ಹತ್ತಿರವೂ 100 ಗ್ರಾಂ ನೀರು ತನ್ನ ತೂಕಕ್ಕಿಂತ ಹೆಚ್ಚು ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಆದರೆ ಕರಗುವ ವೇಗ ತೀರಾ ಕಡಿಮೆ. ಕಾಫಿ ಕುಡಿದು ಮುಗಿದ ಮೇಲೂ ಹರಳುಗಳು ತಳದಲ್ಲೇ ಇರುತ್ತವೆ. ತೀರಾ ಸುಲಭವಾದ ಉಪಾಯವೆಂದರೆ ಡಿಕಾಕ್ಷನ್ ಇಳಿಯುವ ಪಾತ್ರೆಯಲ್ಲೇ ಮೊದಲು ಸಕ್ಕರೆ ಹಾಕಿಡುವುದು. ಬಿಸಿ ಹನಿಗಳು ಬಿದ್ದಂತೆ ಕರಗುತ್ತದೆ. ಒಬ್ಬೊಬ್ಬರದು ಒಂದೊಂದು ಸಿಹಿಯಾದರೆ ಸಮಪಾಲು ಸಕ್ಕರೆ ಮತ್ತು ನೀರು ಸೇರಿಸಿ ಒಂದು ಕುದಿ ಕುದಿಸಿದ ಪಾಕವನ್ನು ಸೀಸೆಯಲ್ಲಿ ಇಟ್ಟುಕೊಳ್ಳಬೇಕು. ನಾಲಿಗೆಗೆ ತಣ್ಣಗಿನ ಪದಾರ್ಥದ ಸಿಹಿ ಕಡಿಮೆಯಾಗಿ ತಿಳಿಯುತ್ತದೆ. ಆದ್ದರಿಂದ ಬಿಸಿ ಕಾಫಿಗೆ ಒಂದೂವರೆ ಚಮಚ ಹಾಕುವವರಿಗೆ ಐಸ್ ಕಾಫಿಗೆ ಎರಡು ಬೇಕೆನಿಸುವುದು ಸಹಜ. ಒಂದು ಚಿಟಿಕೆಗಿಂತಲೂ ಕಡಿಮೆ ಉಪ್ಪು ಬಿದ್ದರೆ ಕಹಿ ತಗ್ಗಿ ಸಿಹಿ ಮುಂದೆ ಬರುತ್ತದೆ. ಉಪ್ಪಿನ ರುಚಿ ತಿಳಿಯುವಷ್ಟು ಬೀಳಬಾರದು.

ಕೊಡಗು, ಮಲೆನಾಡಿನ ಮನೆಗಳಲ್ಲಿ ಕಪ್ಪು ಕಾಫಿಗೆ ಬೆಲ್ಲ ಹಾಕುವುದುಂಟು. ತಣ್ಣಗಿನ ಕಾಫಿಗೆ ಬೆಲ್ಲ ಬಹಳ ಚೆನ್ನಾಗಿ ಹೊಂದುತ್ತದೆ. ಬಿಸಿ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುವ ಭಯವಿದೆ, ತಣ್ಣನೆಯ ಹಾಲಿನಲ್ಲಿ ಆ ಭಯ ಇಲ್ಲದಂತೆಯೇ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಕುದಿಸಿ, ಕಸಕಡ್ಡಿ ಹೋಗುವಂತೆ ಬಟ್ಟೆಯಲ್ಲಿ ಸೋಸಿಟ್ಟುಕೊಂಡರೆ ಸಾಕು.

ಐಸ್ ಎಂದರೆ ನೀರು ತಾನೇ ಎಂಬ ಉದಾಸೀನದಿಂದಲೇ ಎಷ್ಟೋ ಲೋಟ ಕೆಟ್ಟಿವೆ. ಮೀನು, ಮಸಾಲೆ, ಹಸಿ ಈರುಳ್ಳಿ ಇರುವ ಫ್ರೀಜರಿನಲ್ಲಿ ತೆರೆದಿಟ್ಟ ಐಸ್ ಟ್ರೇ ಆ ವಾಸನೆಗಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಮುಚ್ಚಳವಿರುವ ಟ್ರೇ ಬೇಕು. ಅದಿಲ್ಲದಿದ್ದರೆ ಐಸ್ ಕಟ್ಟಿದ ಮೇಲೆ ತುಂಡುಗಳನ್ನು ಬಿಗಿಮುಚ್ಚಳದ ಡಬ್ಬಿಗೆ ಹಾಕಿಡಬೇಕು. ತಿಂಗಳುಗಟ್ಟಲೆ ಹಳೆಯದಾದ ಐಸನ್ನು ಚೆಲ್ಲಿಬಿಡುವುದೇ ಸರಿ. ತುಂಡು ದೊಡ್ಡದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಹೊರಮೈ ಕಡಿಮೆ, ಹಾಗಾಗಿ ಕರಗುವುದು ನಿಧಾನ. ಪುಡಿ ಮಾಡಿದ ಐಸ್ ಕ್ಷಣದಲ್ಲಿ ತಂಪು ಮಾಡಿ ಕ್ಷಣದಲ್ಲಿ ನೀರಾಗುತ್ತದೆ. ಐಸ್ ಮಬ್ಬಾಗಿ ಕಾಣುವುದು ಒಳಗೆ ಸಿಕ್ಕಿಕೊಂಡ ಗಾಳಿಯಿಂದ, ರುಚಿಗೆ ಅದರಿಂದ ಬಾಧಕವಿಲ್ಲ.

ಉಳಿದ ಡಿಕಾಕ್ಷನ್‌ಗೆ ಮೂರರಷ್ಟು ನೀರು ಬೆರೆಸಿ ಟ್ರೇಯಲ್ಲಿ ಹೆಪ್ಪುಗಟ್ಟಿಸಿಟ್ಟರೆ ಕಾಫಿಯ ಐಸೇ ಸಿದ್ಧವಾಗುತ್ತದೆ. ಅದು ಕರಗಿದಾಗ ಲೋಟಕ್ಕೆ ಸೇರುವುದು ಕಾಫಿಯೇ. ನಿಧಾನವಾಗಿ, ಮಾತಾಡುತ್ತಾ ಕುಡಿಯುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ.

ಬೆರೆಸುವುದು

300 ಮಿ.ಲೀ. ಹಿಡಿಯುವ ದಪ್ಪ ಗಾಜಿನ ಲೋಟವನ್ನು ಹತ್ತು ನಿಮಿಷ ಮೊದಲು ಫ್ರಿಜ್‌ನಲ್ಲಿಡುವುದು ಒಳ್ಳೆಯದು. ಸ್ಟೀಲ್ ಲೋಟ ಕೈಯ ಬಿಸಿಯನ್ನೂ ಗಾಳಿಯ ಬಿಸಿಯನ್ನೂ ಬೇಗ ಒಳಕ್ಕೆ ಬಿಡುತ್ತದೆ. ಕರಾವಳಿಯ ಸೆಕೆಯಲ್ಲಂತೂ ಹೊರಮೈಯೆಲ್ಲ ಬೆವರಿ ನೀರು ಸುರಿಸುತ್ತದೆ. ಲೋಟಕ್ಕೆ ಐದಾರು ದೊಡ್ಡ ತುಂಡು ಐಸ್, 100 ಮಿ.ಲೀ. ತಣ್ಣನೆಯ ಹಾಲು, ಸಿಹಿ ಬೆರೆತ 45 ಮಿ.ಲೀ. ಡಿಕಾಕ್ಷನ್ ಹಾಕಿ ತಳದಿಂದ ಕಲಕಬೇಕು. ಸಕ್ಕರೆ ಬೆರೆತ ಡಿಕಾಕ್ಷನ್ ಹಾಲಿಗಿಂತ ಭಾರವಾದ್ದರಿಂದ ತಳಕ್ಕಿಳಿದು ಪದರವಾಗಿ ನಿಲ್ಲುತ್ತದೆ, ನೋಡಲು ಸೊಗಸು. ಕಲಕದೆ ಕುಡಿದರೆ ಮೊದಲು ಬರೀ ಹಾಲು, ಕೊನೆಗೆ ಬರೀ ಸಿಹಿಗಹಿ. ಐಸ್ ಕಡಿಮೆ ಹಾಕಿದರೆ ನೀರು ಕಡಿಮೆಯಾದೀತು ಎಂಬ ಎಣಿಕೆ ಫಲಿಸುವುದಿಲ್ಲ: ಎರಡೇ ತುಂಡು ಬೇಗ ಕರಗಿ ಮುಗಿಯುತ್ತವೆ, ಕಾಫಿ ಬೆಚ್ಚಗಾಗುತ್ತದೆ. ತುಂಬ ಐಸ್ ಇದ್ದರೆ ಒಂದನ್ನೊಂದು ತಂಪಾಗಿಟ್ಟುಕೊಂಡು ಬಹಳ ಹೊತ್ತು ಉಳಿಯುತ್ತವೆ.

ನೊರೆ ಬೇಕೆಂದರೆ ಬಿಸಿ ಕಾಫಿಯನ್ನು ಎತ್ತಿ ಹೊಯ್ಯುವಂತೆ ಇದನ್ನೂ ಎರಡು ಲೋಟಗಳ ನಡುವೆ ಹೊಯ್ಯಬಹುದು. ಅದಕ್ಕಿಂತ ಒಳ್ಳೆಯದು, ಬಿಗಿಮುಚ್ಚಳದ ಸ್ಟೀಲ್ ಬಾಟಲಿಯಲ್ಲಿ ಡಿಕಾಕ್ಷನ್, ಹಾಲು, ಎರಡು ತುಂಡು ಐಸ್ ಹಾಕಿ ಹದಿನೈದು ಎಣಿಸುವವರೆಗೆ ಜೋರಾಗಿ ಕುಲುಕುವುದು. ರೊಬಸ್ಟಾ ಮತ್ತು ಹಾಲಿನ ಪ್ರೋಟೀನು ಸೇರಿ ನುಣ್ಣನೆಯ ನೊರೆ ನಿಲ್ಲುತ್ತದೆ. ಬಿಸಿ ಡಿಕಾಕ್ಷನ್ ಅನ್ನು ಮಾತ್ರ ಮುಚ್ಚಿದ ಬಾಟಲಿಯಲ್ಲಾಗಲಿ ಮಿಕ್ಸಿ ಜಾರಿನಲ್ಲಾಗಲಿ ಕುಲುಕಕೂಡದು. ಹಬೆಯ ಒತ್ತಡಕ್ಕೆ ಮುಚ್ಚಳ ಹಾರಿ ಮೈಮೇಲೆ ಬೀಳುತ್ತದೆ.

ಹಾಲಿಲ್ಲದ ಐಸ್ ಕಾಫಿಗೆ ಎರಡನೆಯ ದಾರಿ. ಇದು ಜಪಾನಿನಲ್ಲಿ ಚೆನ್ನಾಗಿ ಬೆಳೆದ ಪದ್ಧತಿ: ಬಿಸಿಯಾಗಿ ಇಳಿಯುವ ಕಾಫಿಯನ್ನು ನೇರವಾಗಿ ಐಸ್ ಮೇಲೆ ಬೀಳಿಸುವುದು. 20 ಗ್ರಾಂ ಅರೇಬಿಕಾ ಪುಡಿಯನ್ನು ಫಿಲ್ಟರ್ ಕಾಫಿಗಿಂತ ಸ್ವಲ್ಪ ತರಿಯಾಗಿ ಬೀಸಿಸಿ, ಕಾಗದದ ಅಥವಾ ಬಟ್ಟೆಯ ಸೋಸುಕದಲ್ಲಿ ಹಾಕಿ, ಕೆಳಗಿನ ಪಾತ್ರೆಯಲ್ಲಿ 130 ಗ್ರಾಂ ಐಸ್ ಇಟ್ಟು, 190 ಮಿ.ಲೀ. ಬಿಸಿನೀರನ್ನು ಮೂರು ಕಂತಿನಲ್ಲಿ ಮೂರು ನಿಮಿಷದೊಳಗೆ ಸುರಿಯಬೇಕು. ಪುಡಿ 40 ಮಿ.ಲೀ. ಹಿಡಿದುಕೊಂಡು 150 ಮಿ.ಲೀ. ಕೆಳಗಿಳಿಯುತ್ತದೆ. ಅದು 80 ಡಿಗ್ರಿ ಬಿಸಿಯಿದ್ದರೂ ಐಸ್ ಎಲ್ಲ ಕರಗುವಷ್ಟರಲ್ಲಿ 6 ಡಿಗ್ರಿಗೆ ಬಂದಿರುತ್ತದೆ. ಸಿಗುವುದು 280 ಮಿ.ಲೀ. ತಂಪು ಕಾಫಿ, ಬಿಸಿ ಕಪ್ಪು ಕಾಫಿಗೆ ಇರಬೇಕಾದಷ್ಟೇ ಗಟ್ಟಿ. ಇಲ್ಲಿ ಐಸ್ ಒಂದು ಗ್ರಾಂ ಕೂಡ ವ್ಯರ್ಥವಲ್ಲ, ಹೆಚ್ಚುವರಿಯೂ ಅಲ್ಲ. ಬಿಸಿನೀರು ಮಾತ್ರ ಹೊರಗೆಳೆಯಬಲ್ಲ ಹೂಹಣ್ಣಿನ ಪರಿಮಳ ಹಾರಿಹೋಗುವ ಮೊದಲೇ ತಣ್ಣಗೆ ಸೆರೆಯಾಗುವುದರಿಂದ, ಒಳ್ಳೆಯ ತೋಟದ ಅರೇಬಿಕಾ ಕೈಗೆ ಸಿಕ್ಕಾಗ ಮಾಡಬೇಕಾದದ್ದು ಇದನ್ನೇ. ಹೊಸ ಐಸ್ ಇರುವ ಲೋಟಕ್ಕೆ ಸುರಿದು, ಬೇಕಿದ್ದರೆ ಒಂದು ಚಮಚ ಬೆಲ್ಲದ ಪಾಕ, ಒಂದು ಬಿಲ್ಲೆ ನಿಂಬೆ.

ಈಗ ಎಲ್ಲೆಡೆ ಹೆಸರಾಗಿರುವ ಕೋಲ್ಡ್ ಬ್ರೂ ಬೇರೆಯೇ ಬಗೆ. ಇಲ್ಲಿ ಬಿಸಿನೀರಿನ ಮಾತೇ ಇಲ್ಲ. ರವೆಗಿಂತ ದಪ್ಪ ತರಿಯಾಗಿ ಬೀಸಿದ 100 ಗ್ರಾಂ ಪುಡಿಯನ್ನು 700 ಮಿ.ಲೀ. ತಣ್ಣೀರಿನಲ್ಲಿ ಕಲಸಿ, ಮುಚ್ಚಿ, ಫ್ರಿಜ್‌ನಲ್ಲಿ 16ರಿಂದ 18 ಗಂಟೆ ಬಿಟ್ಟು ಸೋಸಿದರೆ ಅರ್ಧ ಲೀಟರ್ ಗಟ್ಟಿ ಕಾಫಿ ದೊರೆಯುತ್ತದೆ. ಸೋಸಲು ತೆಳು ಹತ್ತಿಬಟ್ಟೆಯನ್ನು ಎರಡು ಮಡಿಕೆ ಮಾಡಬೇಕು. ಸೋಪಿನ ವಾಸನೆಯಿರುವ ಬಟ್ಟೆ ಬೇಡ. ಹಿಂಡಲೂಬಾರದು, ಹಿಂಡಿದರೆ ಮಡ್ಡಿ ಬರುತ್ತದೆ. ತಣ್ಣೀರು ಪುಡಿಯಿಂದ ಕಹಿ ಮತ್ತು ಹುಳಿಯ ಅಂಶಗಳನ್ನು ಅಷ್ಟಾಗಿ ಎಳೆಯದ ಕಾರಣ ರುಚಿ ಮೃದು, ಚಾಕೊಲೇಟಿನತ್ತ ವಾಲಿದ್ದು. ಹೊಟ್ಟೆಯುರಿ ಇರುವವರಿಗೆ ಕೋಲ್ಡ್ ಬ್ರೂ ಹಿತವೆಂದು ಪ್ರಚಾರವಿದೆ. ಫಿಲಡೆಲ್ಫಿಯಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಸಿ ಮತ್ತು ತಣ್ಣೀರಿನ ಕಾಫಿಗಳೆರಡರ ಪಿಎಚ್ 4.85ರಿಂದ 5.13ರ ನಡುವೆ, ಬಹುತೇಕ ಒಂದೇ ಆಗಿತ್ತು. ಬಿಸಿ ಕಾಫಿಯಲ್ಲಿ ಒಟ್ಟು ಆಮ್ಲದ ಪ್ರಮಾಣ ಹೆಚ್ಚಿತ್ತು ಎಂಬುದಷ್ಟೇ ವ್ಯತ್ಯಾಸ. ಆ ಪ್ರಚಾರವನ್ನು ನಂಬಿ ವೈದ್ಯರ ಮಾತು ಮೀರುವುದು ಸರಿಯಲ್ಲ. ಪುಡಿಯ ಖರ್ಚೂ ಇದಕ್ಕೆ ಹೆಚ್ಚು. ಫಿಲ್ಟರಿಗೆಂದು ನುಣ್ಣಗೆ ಬೀಸಿದ ಪುಡಿಯನ್ನು ಇದಕ್ಕೆ ಬಳಸಿದರೆ ಸೋಸುವುದೇ ಒಂದು ಪಾಡು.

ಇನ್‌ಸ್ಟಂಟ್ ಪುಡಿಯಿಂದಲೂ ಕುಡಿಯಬಹುದಾದ ಐಸ್ ಕಾಫಿ ಆಗುತ್ತದೆ. ಪುಡಿಯನ್ನು ನೇರ ತಣ್ಣನೆಯ ಹಾಲಿಗೆ ಹಾಕದೆ, ಎರಡು ಚಮಚ ಪುಡಿ ಮತ್ತು ಸಕ್ಕರೆಯನ್ನು 30 ಮಿ.ಲೀ. ಬಿಸಿನೀರಿನಲ್ಲಿ ಮೊದಲು ಕರಗಿಸಿ ಆರಿಸಿಕೊಳ್ಳಬೇಕು. ಐಸ್ ಕ್ರೀಮ್ ಹಾಕಿ ಮಿಕ್ಸಿಯಲ್ಲಿ ತಿರುವಿದ್ದು ಮಕ್ಕಳಿಗೆ ಪ್ರಿಯ, ಆದರೆ ಅದು ಕಾಫಿಯ ಪರಿಮಳವಿರುವ ಮಿಲ್ಕ್‌ಶೇಕ್.

ಮುಚ್ಚಿದ ಗಾಜಿನ ಸೀಸೆಯಲ್ಲಿ ಫ್ರಿಜ್ ಸೇರಿದ ಡಿಕಾಕ್ಷನ್ ಎರಡು ದಿನ ಚೆನ್ನಾಗಿರುತ್ತದೆ, ಕೋಲ್ಡ್ ಬ್ರೂ ಐದಾರು ದಿನ. ಬೇಸಿಗೆಯಲ್ಲಿ ಹೊರಗಿಟ್ಟರೆ ಎರಡೂ ಬೇಗ ಹುಳಿಯುತ್ತವೆ. ಹಾಲು ಬೆರೆಸಿದ್ದನ್ನು ಉಳಿಸಿಕೊಳ್ಳಬಾರದು. ಫ್ರಿಜ್‌ನಲ್ಲಿ ಕಾಫಿಯ ಸೀಸೆಗೆ ಬಿಗಿಮುಚ್ಚಳ ಬೇಕು, ಇಲ್ಲದಿದ್ದರೆ ಪಕ್ಕದ ಸಾರಿನ ವಾಸನೆ ಅದಕ್ಕೂ ಅದರ ವಾಸನೆ ಮೊಸರಿಗೂ ಹತ್ತುತ್ತದೆ.

ತಂಪಾಗಿ, ಸಿಹಿಯಾಗಿ, ಸರಾಗವಾಗಿ ಇಳಿಯುವುದರಿಂದ ಐಸ್ ಕಾಫಿಯಲ್ಲಿ ಕೆಫೀನ್ ಎಷ್ಟಿದೆ ಎಂಬುದು ಗಮನಕ್ಕೆ ಬರುವುದಿಲ್ಲ. ಮೇಲೆ ಹೇಳಿದ ಹಾಲಿನ ಕಾಫಿಯ ಒಂದು ಲೋಟಕ್ಕೆ ಬಳಸುವ 15 ಗ್ರಾಂ ಪುಡಿಯಲ್ಲಿ 20% ಚಿಕೋರಿ, ಉಳಿದದ್ದು ಎರಡೂ ತಳಿ ಸಮಪಾಲು ಎಂದಾದರೆ ಪುಡಿಯಲ್ಲಿರುವ ಕೆಫೀನ್ 200 ಮಿ.ಗ್ರಾಂ ಆಸುಪಾಸು, ಅದರ ಬಹುಪಾಲು ಡಿಕಾಕ್ಷನ್‌ಗೆ ಇಳಿಯುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿ.ಗ್ರಾಂ, ಗರ್ಭಿಣಿಯರಿಗೆ 200 ಮಿ.ಗ್ರಾಂ ಮೀರಬಾರದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತದೆ. ದಿನಕ್ಕೆ ಎರಡು ಬಿಸಿ ಕಾಫಿ ಕುಡಿಯುವ ಮನೆಯಲ್ಲಿ ಐಸ್ ಕಾಫಿ ಅವುಗಳಲ್ಲೊಂದರ ಬದಲಿಗೆ ಬರಬೇಕು. ಮಕ್ಕಳು ಕೇಳಿದರೆ ಚಿಕೋರಿಯೊಂದನ್ನೇ ಕುದಿಸಿ ಸೋಸಿ, ಹಾಲು, ಬೆಲ್ಲದ ಪಾಕ, ಐಸ್ ಬೆರೆಸಿ ಕೊಡಬಹುದು.